ಸ್ಪಿರುಲಿನಾ ಸೋಸಿದ ಮೇಲೆ ಉಳಿಯುವ ಲೋಳೆ ನೀರು: ಚೆಲ್ಲಬೇಕೆ, ಹೊಲಕ್ಕೆ ಬಿಡಬೇಕೆ?

ಮಾನ್ವಿ ತೊಟ್ಟಿ ಸಂಘ

ನಾವು ಮಾನ್ವಿ ತಾಲ್ಲೂಕಿನ ಐದು ಮಂದಿ ಮಹಿಳೆಯರು ಎರಡು ವರ್ಷಗಳಿಂದ ಮೂರು ಸಿಮೆಂಟ್ ತೊಟ್ಟಿಗಳಲ್ಲಿ ಸ್ಪಿರುಲಿನಾ ಎಂಬ ತಿನ್ನುವ ಪಾಚಿಯನ್ನು ಬೆಳೆಯುತ್ತಿದ್ದೇವೆ. ಬೆಳೆದದ್ದನ್ನೆಲ್ಲ ತಾನೇ ಕೊಳ್ಳುವೆನೆಂದು ಮಾತು ಕೊಟ್ಟು ಬೀಜದ ಪಾಚಿಯನ್ನೂ ತರಬೇತಿಯನ್ನೂ ಮಾರಿದ ವ್ಯಾಪಾರಿ ಎರಡನೆಯ ಕೊಯ್ಲಿನ ಹೊತ್ತಿಗೆ ಫೋನ್ ಎತ್ತುವುದನ್ನೇ ಬಿಟ್ಟ. ಆ ಕಥೆ ಇಲ್ಲಿ ಬೇಡ. ಈಗ ನಾವೇ ಒಣಗಿಸಿ, ಪುಡಿ ಮಾಡಿ, ಪರಿಚಯದವರಿಗೆ ಮಾರುತ್ತಿದ್ದೇವೆ.

ನಮ್ಮ ಪ್ರಶ್ನೆ ಪಾಚಿಯ ಬಗ್ಗೆ ಅಲ್ಲ, ಪಾಚಿ ತೆಗೆದ ಮೇಲೆ ಉಳಿಯುವ ನೀರಿನ ಬಗ್ಗೆ. ಬಟ್ಟೆಯಲ್ಲಿ ಸೋಸಿದ ನೀರನ್ನು ಮತ್ತೆ ತೊಟ್ಟಿಗೇ ಸುರಿಯುತ್ತೇವೆ. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಅದು ಹಳದಿ ಬಣ್ಣಕ್ಕೆ ತಿರುಗಿ, ನೊರೆ ಕಟ್ಟಿ, ಬೆರಳಿಗೆ ಬೆಂಡೆಕಾಯಿಯ ಲೋಳೆಯಂತೆ ಅಂಟತೊಡಗುತ್ತದೆ. ಸೋಸುವ ಬಟ್ಟೆಯ ಕಣ್ಣುಗಳೂ ಮುಚ್ಚಿಕೊಳ್ಳುತ್ತವೆ. ಆಗ ಒಂದು ತೊಟ್ಟಿಯ 2,000 ಲೀಟರನ್ನು ಪೂರಾ ಚೆಲ್ಲಿ ಹೊಸ ನೀರು ತುಂಬುತ್ತೇವೆ. ಲೀಟರಿಗೆ 8 ಗ್ರಾಂ ಅಡುಗೆ ಸೋಡಾ, 5 ಗ್ರಾಂ ಉಪ್ಪು, ಸ್ವಲ್ಪ ಯೂರಿಯಾ ಮತ್ತು ಇತರ ಲವಣಗಳು ನಮ್ಮ ಲೆಕ್ಕ.

ಈ ಲೋಳೆಯಲ್ಲಿ ಗಿಡ ಬೆಳೆಸುವ ಹಾರ್ಮೋನುಗಳಿವೆ, ಇದನ್ನು ದ್ರವಗೊಬ್ಬರವೆಂದು ಮಾರಬಹುದು ಎಂದು ಒಬ್ಬರು ಹೇಳಿದರು. ಪಕ್ಕದ ಹೊಲದವರು ತಮ್ಮ ಭತ್ತದ ಗದ್ದೆಗೆ ಬಿಡಿ ಎನ್ನುತ್ತಿದ್ದಾರೆ. ಮುಂದಿನ ವಾರ ಎರಡನೆಯ ತೊಟ್ಟಿ ಖಾಲಿ ಮಾಡಬೇಕಿದೆ. ಏನು ಮಾಡಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ನಿವೃತ್ತ ಮೇಷ್ಟ್ರು, ರಾಯಚೂರು

ಸಸ್ಯಶಾಸ್ತ್ರ ಕಲಿಸಿದ ಮೂವತ್ತು ವರ್ಷಗಳಲ್ಲಿ ವಿದ್ಯಾರ್ಥಿಗಳು ಪಾಚಿಯ ಒಳಗೆ ಏನಿದೆ ಎಂದು ಕೇಳುತ್ತಿದ್ದರೇ ಹೊರತು ಅದು ಹೊರಗೆ ಏನು ಬಿಡುತ್ತದೆ ಎಂದು ಕೇಳಿದ್ದು ವಿರಳ. ಹೀಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಸೂಕ್ಷ್ಮಪಾಚಿ ನೀರಿಗೆ ಪದಾರ್ಥಗಳನ್ನು ಬಿಡುವುದು ಮೂರು ಬಗೆಯಲ್ಲಿ. ಒಂದು, ಸೋರಿಕೆ. ಬಿಸಿಲು ಜೋರಾಗಿದ್ದು, ನೀರಿನಲ್ಲಿ ಆಮ್ಲಜನಕ ಹೆಚ್ಚಾಗಿ, ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ರುಬಿಸ್ಕೊ ಎಂಬ ಕಿಣ್ವವು ಇಂಗಾಲದ ಬದಲು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಆಗ ಹುಟ್ಟುವ ಗ್ಲೈಕೊಲಿಕ್ ಆಮ್ಲವನ್ನು ಕೋಶವು ಹೊರಕ್ಕೆ ತಳ್ಳುತ್ತದೆ. ಎರಡನೆಯದು ಬೇಕೆಂದೇ ಸ್ರವಿಸುವುದು. ರಂಜಕದ ಕೊರತೆಯಾದರೆ ಫಾಸ್ಫಟೇಸ್ ಕಿಣ್ವವನ್ನು ಹೊರಬಿಟ್ಟು ಸುತ್ತಲಿನ ಸಾವಯವ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಕಬ್ಬಿಣ ಸಾಲದಿದ್ದರೆ ಅನಬೀನಾದಂಥ ನೀಲಿ-ಹಸಿರು ಪಾಚಿಗಳು ಕಬ್ಬಿಣವನ್ನು ಹಿಡಿದು ತರುವ ಸಿಡೆರೊಫೋರ್ ಎಂಬ ಸಣ್ಣ ಅಣುಗಳನ್ನು ಕಳಿಸುತ್ತವೆ. ಕೆಲವು ಜಾತಿಗಳು ಇಂಡೋಲ್ ಅಸೆಟಿಕ್ ಆಮ್ಲವನ್ನೂ ಬಿಡುತ್ತವೆ, ಬೇರು ಬರಿಸುವ ಪುಡಿಗಳಲ್ಲಿ ಇರುವ ಹಾರ್ಮೋನಿನ ಸೋದರ ಅದು. ಮೂರನೆಯದು ಸಾವು. ಕೋಶ ಒಡೆದರೆ ಒಳಗಿನದೆಲ್ಲ ನೀರಿನ ಪಾಲು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ನಿಮ್ಮ ಬೆರಳಿಗೆ ಅಂಟುತ್ತಿರುವುದು ಮುಖ್ಯವಾಗಿ ಎಕ್ಸೊಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಅಣುಗಳು ಉದ್ದಕ್ಕೆ ಪೋಣಿಸಿಕೊಂಡು ಕೋಶದ ಹೊರಗೆ ಕಟ್ಟುವ ಲೋಳೆ. ಬೆಳಕು ಧಾರಾಳವಾಗಿದ್ದು ಸಾರಜನಕ ಸಾಲದೆ ಹೋದಾಗ ಇದು ಹೆಚ್ಚುತ್ತದೆ. ಹಿಡಿದ ಇಂಗಾಲದಿಂದ ಪ್ರೋಟೀನ್ ಕಟ್ಟಲು ಸಾರಜನಕವಿಲ್ಲದೆ ಕೋಶವು ಅದನ್ನು ಸಕ್ಕರೆಯ ಸರಪಳಿಯಾಗಿ ಹೊರಗೆ ಸುರಿಯುತ್ತದೆ. ಉಪ್ಪಿನ ಒತ್ತಡದಲ್ಲಿಯೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ನಿಮ್ಮ ತೊಟ್ಟಿಯ ನೀರು ಆವಿಯಾಗಿ ಉಪ್ಪು ಗಟ್ಟಿಯಾಗುವುದರಿಂದ ಎರಡೂ ಕಾರಣಗಳು ಒಟ್ಟಿಗೆ ಸೇರಿರಬಹುದು. ಕೊಯ್ಲಾದ ಪ್ರತಿ ಸಲ ಸಾರಜನಕವನ್ನು ಮರುಪೂರಣ ಮಾಡುತ್ತಿದ್ದೀರಾ ಎಂಬುದನ್ನು ಮೊದಲು ನೋಡಿ.

ಒಂದು ಎಚ್ಚರಿಕೆ. ಪಾಚಿ "ಬಿಡುಗಡೆ ಮಾಡುವ" ಪದಾರ್ಥಗಳೆಂದು ಹಂಚಿಕೊಳ್ಳಲಾಗುವ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಪದಾರ್ಥಗಳು ಹೊರಗೆ ಬರುವಂಥವೇ ಅಲ್ಲ. ಸ್ಪಿರುಲಿನಾದ ನೀಲಿ ವರ್ಣಕ ಫೈಕೊಸಯನಿನ್, ಡ್ಯುನಾಲಿಯೆಲ್ಲಾದ ಬೀಟಾ ಕ್ಯಾರೊಟಿನ್, ಹೆಮಟೊಕಾಕಸ್‌ನ ಅಸ್ಟಾಕ್ಸಾಂಥಿನ್ ಇವೆಲ್ಲ ಕೋಶದ ಒಳಗೇ ಇರುವಂಥವು. ಸೋಸಿದ ನೀರು ನೀಲಿಯಾಗಿ ಕಂಡರೆ ಕೋಶಗಳು ಒಡೆಯುತ್ತಿವೆ, ತೊಟ್ಟಿಗೆ ಕಾಯಿಲೆಯಾಗಿದೆ ಎಂದೇ ತಿಳಿಯಿರಿ.

ಪಾಚಿ ಹೊರಬಿಟ್ಟದ್ದು ಪಾಚಿಗೇ ಮುಳುವಾಗುವುದೂ ಉಂಟು. ಕ್ಲೊರೆಲ್ಲಾ ಎಂಬ ಹಸಿರು ಸೂಕ್ಷ್ಮಪಾಚಿಯ ಹಳೆಯ ಕೃಷಿಯ ನೀರು ಹೊಸ ಕ್ಲೊರೆಲ್ಲಾದ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದನ್ನು ಬೆನ್ನಟ್ಟಿದ ಪ್ರ್ಯಾಟ್ ಮತ್ತು ಸಂಗಡಿಗರು, ಪೆನಿಸಿಲಿನ್ ಜಗತ್ತಿನ ಗಮನ ಸೆಳೆದಿದ್ದ 1944ರಲ್ಲಿ, ಬ್ಯಾಕ್ಟೀರಿಯಾಗಳನ್ನೂ ತಡೆಯುವ ಕ್ಲೋರೆಲಿನ್ ಎಂಬ ಪದಾರ್ಥವನ್ನು ವರದಿ ಮಾಡಿದರು. ಅದು ಒಂದೇ ಅಣುವಲ್ಲ, ಕೊಬ್ಬಿನಾಮ್ಲಗಳ ಮಿಶ್ರಣವೆಂದು ಆಮೇಲೆ ತಿಳಿಯಿತು. ಔಷಧವಾಗಿ ಅದು ಬೆಳೆಯಲಿಲ್ಲ.

ಗಂಗಾವತಿ ಸವಳು ನೆಲ

ಮೇಷ್ಟ್ರ ಪಾಠ ಚೆನ್ನಾಗಿದೆ, ಆದರೆ ತುರ್ತಿನ ಮಾತನ್ನು ಮೊದಲು ಹೇಳುತ್ತೇನೆ. ಅಕ್ಕಂದಿರೇ, ದಯವಿಟ್ಟು ಆ ನೀರನ್ನು ಪಕ್ಕದ ಗದ್ದೆಗೆ ಬಿಡಬೇಡಿ.

ಲೆಕ್ಕ ನೋಡಿ. ಲೀಟರಿಗೆ 8 ಗ್ರಾಂ ಅಡುಗೆ ಸೋಡಾ ಎಂದರೆ 95 ಮಿಲಿಈಕ್ವಿವಲೆಂಟ್ (ನೀರಿನ ಲವಣ ಅಳೆಯುವ ಮಾನ) ಬೈಕಾರ್ಬನೇಟ್. ನೀರಾವರಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದು ಉಳಿಯುವ ಕಾರ್ಬನೇಟ್ 2.5 ಮಿಲಿಈಕ್ವಿವಲೆಂಟ್ ದಾಟಿದರೇ ಆ ನೀರು ಬೆಳೆಗೆ ಯೋಗ್ಯವಲ್ಲ ಎನ್ನುತ್ತಾರೆ. ನಿಮ್ಮದು ಅದರ ಸುಮಾರು 38 ಪಟ್ಟು. ಪಾಚಿ ಬೆಳೆದು ಸೋಡಾ ತಿಂದು ಮುಗಿಸಿರಬಹುದು ಎಂದುಕೊಳ್ಳಬೇಡಿ. ಅದು ತೆಗೆದುಕೊಳ್ಳುವುದು ಇಂಗಾಲವನ್ನು ಮಾತ್ರ, ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ, ಕ್ಷಾರ ಇನ್ನಷ್ಟು ಏರುತ್ತದೆ. ಸೋಡಾ ಮತ್ತು ಉಪ್ಪು ಸೇರಿ ಲೀಟರಿಗೆ 4 ಗ್ರಾಂ ಸೋಡಿಯಂ, ಒಂದು ತೊಟ್ಟಿಗೆ 8 ಕಿಲೊ. ಅಷ್ಟು ಸೋಡಿಯಂ ಎರೆಮಣ್ಣಿಗೆ ಅಂಟಿಕೊಂಡರೆ ಅದನ್ನು ಬಿಡಿಸಲು, ಕಾಗದದ ಮೇಲಿನ ಲೆಕ್ಕದಲ್ಲಿಯೇ, 30 ಕಿಲೊ ಜಿಪ್ಸಂ ಬೇಕು.

ಸೋಡಿಯಂ ಹೊಕ್ಕ ಎರೆಮಣ್ಣು ಏನಾಗುತ್ತದೆ ಎಂದು ನಾವು ಪುಸ್ತಕ ಓದಿ ತಿಳಿಯಬೇಕಿಲ್ಲ. ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ರಂಧ್ರಗಳು ಮುಚ್ಚಿ, ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ. ಒಣಗಿದರೆ ಸಲಿಕೆ ಇಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಆಸುಪಾಸಿನಲ್ಲಿ ಸವಳು-ಜವಳಿಗೆ ಬಿದ್ದ ಹೊಲಗಳನ್ನು ಕಂಡವರಿಗೆಲ್ಲ ಇದು ಗೊತ್ತು. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿಕೊಂಡು ಬಂದಿದೆ. ಹಾರ್ಮೋನಿನ ಆಸೆಗೆ ಸೋಡಾ ನೀರು ಬಿಡುವುದು ಗಾಯದ ಮೇಲೆ ಉಪ್ಪು ಸುರಿದಂತೆ, ಉಪಮೆಗಲ್ಲ, ನಿಜವಾಗಿಯೂ.

ಸಿರುಗುಪ್ಪದ ಹುಡುಗ

ಹಾಗಾದರೆ ಭತ್ತದ ಗದ್ದೆಗೆ ನೀಲಿ-ಹಸಿರು ಪಾಚಿ ಒಳ್ಳೆಯದು, ಸವಳು ನೆಲವನ್ನೂ ಸರಿಪಡಿಸುತ್ತದೆ ಎಂದು ಓದಿದ್ದೆಲ್ಲ ಸುಳ್ಳೇ? ಸ್ಪಿರುಲಿನಾ ಕೂಡ ನೀಲಿ-ಹಸಿರು ಪಾಚಿಯೇ ಅಲ್ಲವೇ?

ಗಂಗಾವತಿ ಸವಳು ನೆಲ

ಸುಳ್ಳಲ್ಲ, ಆದರೆ ಆ ಪಾಚಿ ಬೇರೆ. ಸ್ಪಿರುಲಿನಾ ಗಾಳಿಯ ಸಾರಜನಕವನ್ನು ಹಿಡಿಯುವುದಿಲ್ಲ. ಗದ್ದೆಯಲ್ಲಿ ಅದನ್ನು ಮಾಡುವುದು ಅನಬೀನಾ, ನಾಸ್ಟಾಕ್, ಆಲೊಸೈರಾ, ಟೋಲಿಪೋಥ್ರಿಕ್ಸ್ ಮುಂತಾದವು. ಗದ್ದೆಯ ಫಲವತ್ತತೆಗೆ ಈ ಪಾಚಿಗಳು ಹಿಡಿದ ಸಾರಜನಕ ಕಾರಣವೆಂದು ಪಿ.ಕೆ. ಡೇ ಅವರು 1939ರಲ್ಲಿ ತೋರಿಸಿದರು. ಆರ್.ಎನ್. ಸಿಂಗ್ ಅವರು 1950ರಲ್ಲಿ ಉತ್ತರ ಭಾರತದ ಊಸರ (ಕ್ಷಾರದ ಸವಳು) ಭೂಮಿಯನ್ನು ಈ ಪಾಚಿಗಳಿಂದ ಸುಧಾರಿಸುವ ಬಗ್ಗೆ ಬರೆದರು. ಬದು ಕಟ್ಟಿ ಮಳೆನೀರು ನಿಲ್ಲಿಸಿ ಪಾಚಿ ಬೆಳೆಯಲು ಬಿಡುವುದು ಆ ವಿಧಾನ; ಆದುದರಿಂದ ಪಾಚಿಯಿಂದ ಎಷ್ಟಾಯಿತು, ನಿಂತ ನೀರು ಉಪ್ಪನ್ನು ತೊಳೆದುದರಿಂದ ಎಷ್ಟಾಯಿತು ಎಂಬ ಪ್ರಶ್ನೆ ನನಗೆ ಯಾವಾಗಲೂ ಇದ್ದೇ ಇದೆ. ಬಸಿಗಾಲುವೆ ಇಲ್ಲದ ನಮ್ಮ ಕೊನೆಭಾಗದ ಹೊಲಗಳಲ್ಲಿ ನೀರು ನಿಲ್ಲಿಸಿದರೆ ಉಪ್ಪು ಹೋಗಬೇಕಾದರೂ ಎಲ್ಲಿಗೆ?

ಲೋಳೆಯ ಕೆಲಸ ಮಾತ್ರ ಕಣ್ಣಿಗೆ ಕಾಣುವಂಥದು. ಮೊದಲ ಮಳೆಯ ಮರುದಿನ ಅಂಗಳದ ಗಟ್ಟಿ ನೆಲದ ಮೇಲೆ ಉಬ್ಬಿಕೊಳ್ಳುವ ಕಪ್ಪು-ಹಸಿರು ಲೋಳೆ ನಾಸ್ಟಾಕ್. ಅದನ್ನು ಎತ್ತಿದರೆ ಅಡಿಯ ಮಣ್ಣೂ ಪದರವಾಗಿ ಎದ್ದು ಬರುತ್ತದೆ. ಸಕ್ಕರೆಯ ಆ ಸರಪಳಿಗಳು ಮಣ್ಣಿನ ಕಣಗಳನ್ನು ಹೆಣೆಯುತ್ತವೆ, ತೇವ ಹಿಡಿಯುತ್ತವೆ, ಅವುಗಳ ಆಮ್ಲೀಯ ತುದಿಗಳು ಸೋಡಿಯಂ ಮತ್ತು ಇತರ ಲೋಹಗಳನ್ನು ಸ್ವಲ್ಪಮಟ್ಟಿಗೆ ಕಚ್ಚಿಕೊಳ್ಳುತ್ತವೆ. ಆದರೆ ಕಚ್ಚಿಕೊಂಡದ್ದು ಅಲ್ಲಿಯೇ ಇರುತ್ತದೆ, ಲೋಳೆ ಕೊಳೆತಾಗ ಮತ್ತೆ ಮಣ್ಣಿಗೆ ಬೀಳುತ್ತದೆ. ಜಿಪ್ಸಂಗೆ ಇದು ಬದಲಿಯಲ್ಲ.

ಗದ್ದೆಗೆ ಹಾಕುವ ಈ ಪಾಚಿಯನ್ನು ನಾನೂ ಒಂದು ಸಲ ಬೆಳೆಸಿದೆ. ತಗಡಿನ ತಟ್ಟೆಯಲ್ಲಿ 8-10 ಕಿಲೊ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್, ನಾಲ್ಕೈದು ಇಂಚು ನೀರು, ಮೇಲೆ ಒಂದು ಹಿಡಿ ಬೀಜಪಾಚಿ. ಬಿಸಿಲಿಗೆ ಬೆಳೆದ ಪದರವನ್ನು ಒಣಗಲು ಬಿಟ್ಟು ಕೆರೆದು ಇಟ್ಟುಕೊಳ್ಳುವುದು. ನಾಟಿಯಾದ ವಾರಕ್ಕೆ ಹೆಕ್ಟೇರಿಗೆ 10 ಕಿಲೊ ಎರಚುವುದು. ಹೆಕ್ಟೇರಿಗೆ 20-30 ಕಿಲೊ ಸಾರಜನಕ ಸಿಗಬಹುದೆಂದು ಪುಸ್ತಕಗಳು ಹೇಳುತ್ತವೆ. ನನಗೆ ಏನೂ ಸಿಗಲಿಲ್ಲ, ಏಕೆಂದರೆ ನಾನು ಅಭ್ಯಾಸಬಲದಿಂದ ಯೂರಿಯಾವನ್ನೂ ಮಾಮೂಲಿನಂತೆ ಎರಚಿದ್ದೆ. ಬಾಯಿಗೇ ಸಿದ್ಧ ಸಾರಜನಕ ಬಂದು ಬೀಳುವಾಗ ಪಾಚಿ ಗಾಳಿಯಿಂದ ಹಿಡಿಯುವ ಕಷ್ಟಕ್ಕೆ ಹೋಗುವುದಿಲ್ಲ. ಉಳಿದದ್ದನ್ನು ಬಸವನಹುಳುಗಳು ಮೇಯ್ದವು. ಇನ್ನೊಂದು ವಿಷಯ, ಹಿಡಿದ ಸಾರಜನಕದಲ್ಲಿ ಪಾಚಿ ಬದುಕಿದ್ದಾಗ ಬಿಡುವುದು ಅಲ್ಪಭಾಗ. ಹೆಚ್ಚಿನದು ಪಾಚಿ ಸತ್ತು ಕೊಳೆತ ಮೇಲೆಯೇ ಪೈರಿಗೆ ದಕ್ಕುತ್ತದೆ.

ಶಕ್ತಿನಗರದ ಇಂಜಿನಿಯರ್

ಮಣ್ಣಿನ ವಿಷಯ ನನಗೆ ತಿಳಿಯದು. ಆದರೆ ಲೋಳೆಯನ್ನು ತೆಗೆದು ಮಾರಬಹುದೇ ಎಂಬುದು ಇಂಜಿನಿಯರಿಂಗ್ ಪ್ರಶ್ನೆ, ಅದಕ್ಕೆ ಉತ್ತರ ಕೊಡಬಲ್ಲೆ. ಪಾಚಿ ಕೃಷಿಯ ಶಾಪವೆಂದರೆ ತೆಳುತನ. ತೆರೆದ ತೊಟ್ಟಿಯಲ್ಲಿ ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಒಣಪಾಚಿ ಸಿಕ್ಕರೆ ಅದೇ ಭಾಗ್ಯ. ಹೊರಬಿಟ್ಟ ಪದಾರ್ಥ ಅದಕ್ಕಿಂತಲೂ ತೆಳು. ನಿಮ್ಮ ನೀರಿನಲ್ಲಿ ಲೀಟರಿಗೆ 0.1 ಗ್ರಾಂ ಲೋಳೆ ಇದೆಯೆಂದು ಇಟ್ಟುಕೊಳ್ಳೋಣ. ಒಂದು ಕಿಲೊ ಬೇಕಾದರೆ 10,000 ಲೀಟರ್ ನೀರು ಸಂಸ್ಕರಿಸಬೇಕು. ಪ್ರಯೋಗಾಲಯದ ವಿಧಾನದಂತೆ ಎರಡು ಪಾಲು ಆಲ್ಕೊಹಾಲ್ ಸೇರಿಸಿ ಒಡೆಸುವುದಾದರೆ 20,000 ಲೀಟರ್ ಆಲ್ಕೊಹಾಲ್. ಅದನ್ನು ಮತ್ತೆ ಭಟ್ಟಿ ಇಳಿಸಿ ವಾಪಸು ಪಡೆಯುವ ಇಂಧನದ ಖರ್ಚನ್ನು ಬಿಡಿ, ಅಷ್ಟು ಆಲ್ಕೊಹಾಲ್ ಇಟ್ಟುಕೊಳ್ಳಲು ಅಬಕಾರಿ ಪರವಾನಗಿಯನ್ನು ಯಾರು ಕೊಡುತ್ತಾರೆ? ಪೊರೆಯ ಸೋಸುಗದಲ್ಲಿ ಮೊದಲು ನೀರನ್ನು ಗಟ್ಟಿ ಮಾಡಿಕೊಳ್ಳಬಹುದು. ಆದರೆ ನಿಮ್ಮ ಬಟ್ಟೆಯ ಕಣ್ಣು ಮುಚ್ಚುವ ಲೋಳೆಯೇ ಆ ಪೊರೆಯ ಕಣ್ಣನ್ನೂ ಮುಚ್ಚುತ್ತದೆ.

ಹಾಗೆಂದು ಈ ದಾರಿ ಎಲ್ಲಿಯೂ ನಡೆದಿಲ್ಲವೆಂದಲ್ಲ. ಪೊರ್ಫಿರಿಡಿಯಂ ಎಂಬ ಕೆಂಪು ಪಾಚಿ ಗಂಧಕ ಸೇರಿದ ಲೋಳೆಯನ್ನು ಎಷ್ಟು ಬಿಡುತ್ತದೆಂದರೆ ಕೃಷಿಯ ನೀರೇ ಗಂಜಿಯಂತಾಗುತ್ತದೆ. ಸೌಂದರ್ಯವರ್ಧಕಗಳಿಗೆ ಅದು ಹೋಗುತ್ತದೆ, ಬೆಲೆಯೂ ಬರುತ್ತದೆ. ಆದರೆ ಗಂಜಿಯಾದ ನೀರನ್ನು ಕಲಕುವುದೂ ಅದರೊಳಗೆ ಅನಿಲ ಬೆರೆಸುವುದೂ ಕಷ್ಟವಾಗುತ್ತದೆ. ಬಾಟ್ರಿಯೊಕಾಕಸ್ ಬ್ರೌನಿಐ ಪೆಟ್ರೋಲಿನ ಬಂಧುಗಳಾದ ಹೈಡ್ರೊಕಾರ್ಬನ್‌ಗಳನ್ನು ಕೋಶದ ಹೊರಗೆ, ಗುಂಪಿನ ನಡುವಿನ ಅಂಟಿನಲ್ಲಿ ಶೇಖರಿಸುತ್ತದೆ. ದುರದೃಷ್ಟವಶಾತ್ ಅದು ಒಂದು ಎರಡಾಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ.

ನನಗೆ ಅತ್ಯಂತ ಮೆಚ್ಚಿಗೆಯಾದುದು 2012ರಲ್ಲಿ ಪ್ರಕಟವಾದ ಕೆಲಸ. ಸೈನೆಕೊಕಾಕಸ್ ಎಂಬ ನೀಲಿ-ಹಸಿರು ಪಾಚಿ ಉಪ್ಪು ನೀರಿನಲ್ಲಿ ತನ್ನ ರಕ್ಷಣೆಗಾಗಿ ಕೋಶದೊಳಗೆ ಸಕ್ಕರೆ ಮಾಡಿಕೊಳ್ಳುತ್ತದೆ. ಅದಕ್ಕೆ ಸಕ್ಕರೆ ಸಾಗಿಸುವ ಒಂದು ಬ್ಯಾಕ್ಟೀರಿಯಾ ಜೀನನ್ನು ಸೇರಿಸಿದಾಗ, ಅದು ಬಿಸಿಲಿನಲ್ಲಿ ಹಿಡಿದ ಇಂಗಾಲದ ಬಹುಪಾಲನ್ನು ಸಕ್ಕರೆಯಾಗಿ ಹೊರಕ್ಕೆ ಬಿಟ್ಟಿತು. ಕೋಶವನ್ನು ಒಡೆಯುವ ಗೋಜಿಲ್ಲ, ಬೇಕಾದುದು ಸ್ವಲ್ಪ ಉಪ್ಪು ನೀರು. ಆದರೆ ತೆರೆದ ತೊಟ್ಟಿಯಲ್ಲಿ ಸಕ್ಕರೆ ಬೆರೆತ ನೀರು ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ನಮಗಾಗಿ ಬಿಟ್ಟುಕೊಡುವುದಿಲ್ಲ.

ನಮ್ಮ ಉಷ್ಣ ವಿದ್ಯುತ್ ಸ್ಥಾವರದ ಹೊಗೆಯಿಂದ ಪಾಚಿ ಬೆಳೆಯಬಹುದಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಹೀಗಾಗಿ ಮೊದಲೇ ಹೇಳಿಬಿಡುತ್ತೇನೆ. 210 ಮೆಗಾವ್ಯಾಟಿನ ಒಂದೇ ಘಟಕ ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ ಸುಮಾರು 5,000 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಪಾಚಿ, ಪಾಚಿಯ ಗ್ರಾಮಿಗೆ 1.8 ಗ್ರಾಂ ಡೈಆಕ್ಸೈಡ್ ಎಂದು ಹಿಡಿದರೂ, ಅದನ್ನೆಲ್ಲ ಹೀರಲು ಸುಮಾರು 14,000 ಹೆಕ್ಟೇರ್ ತೊಟ್ಟಿ ಬೇಕು. ಅದೂ ರಾತ್ರಿ ಪಾಚಿ ಮಲಗುವುದನ್ನು ಮರೆತು.

ನಿರ್ವಾಹಕರು

ಸ್ಥಾವರದ ಹೊಗೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪಾಚಿ ಹೊರಬಿಡುವ ಪದಾರ್ಥಗಳ ಬಗ್ಗೆ ಮಾತ್ರ ಬರೆಯಬೇಕೆಂದು ವಿನಂತಿ.

ನಿವೃತ್ತ ಮೇಷ್ಟ್ರು, ರಾಯಚೂರು

ಇಂಜಿನಿಯರ್ ಅವರ ತೆಳುತನದ ವಾದವನ್ನು ಒಪ್ಪುತ್ತೇನೆ, ಆದರೆ ಹೊರಬಿಟ್ಟದ್ದೆಲ್ಲ ನೀರಿನಲ್ಲಿ ಕರಗಿ ಹೋಗಬೇಕೆಂದಿಲ್ಲ. ಆನೆಗೊಂದಿಯ ಬಂಡೆಗಳ ಮೇಲೆ ಮಳೆನೀರು ಇಳಿದ ಜಾಡಿನಲ್ಲಿ ಕಪ್ಪು ಪಟ್ಟೆಗಳನ್ನು ನೀವೆಲ್ಲ ನೋಡಿದ್ದೀರಿ. ಬೆಂಕಿಯ ಮಸಿಯೆಂದು ಪ್ರವಾಸಿಗರು ಭಾವಿಸುವ ಆ ಪಟ್ಟೆಗಳು ಬಹುಮಟ್ಟಿಗೆ ನೀಲಿ-ಹಸಿರು ಪಾಚಿಗಳು. ಮೇ ತಿಂಗಳ ಬಿಸಿಲಿನಲ್ಲಿ ಕೈ ಇಡಲಾಗದ ಕಲ್ಲಿನ ಮೇಲೆ ಒಣಗಿ ಕುಳಿತು, ಒಂದು ಮಳೆಗೆ ಮತ್ತೆ ಜೀವ ತಳೆಯುತ್ತವೆ. ಇಂಥ ಪಾಚಿಗಳು ಸೈಟೊನೆಮಿನ್ ಎಂಬ ಕಂದು ವರ್ಣಕವನ್ನು ಕೋಶದ ಹೊರಗಿನ ಲೋಳೆಯ ಕವಚದಲ್ಲಿ ಸುರಿದು, ನೇರಳಾತೀತ ಕಿರಣಗಳನ್ನು ಅಲ್ಲಿಯೇ ತಡೆಯುತ್ತವೆ. ಬಿಸಿಲಿನಿಂದ ಚರ್ಮ ಕಾಯುವ ಲೇಪನಗಳಿಗಾಗಿ ಇದನ್ನು ಅಧ್ಯಯನ ಮಾಡುತ್ತಿದ್ದಾರೆ. ಇಲ್ಲಿ ಗಟ್ಟಿ ಮಾಡುವ ಕೆಲಸವನ್ನು ಪಾಚಿಯೇ ಮಾಡಿಕೊಟ್ಟಿದೆ. (ಸ್ಮಾರಕಗಳ ಕಲ್ಲನ್ನು ಕೆರೆಯಲು ಯಾರೂ ಹೋಗಬೇಡಿ.)

ಒಳಗಿನದನ್ನೂ ಕೊಲ್ಲದೆ ತೆಗೆಯಬಹುದೇ ಎಂದು ನೋಡಿದವರಿದ್ದಾರೆ. ಡ್ಯುನಾಲಿಯೆಲ್ಲಾ ಸಲೈನಾಕ್ಕೆ ಗಟ್ಟಿಯಾದ ಕೋಶಭಿತ್ತಿ ಇಲ್ಲ. ಅದರ ಕೃಷಿಯ ಮೇಲೆ ಡೋಡೆಕೇನ್ ಎಂಬ ಎಣ್ಣೆಯ ಪದರ ಹರಿಸಿದಾಗ ಬೀಟಾ ಕ್ಯಾರೊಟಿನ್ ಎಣ್ಣೆಗೆ ಇಳಿದು, ಪಾಚಿ ಬದುಕಿಯೇ ಇತ್ತು ಎಂದು ನೆದರ್ಲೆಂಡ್ಸ್‌ನ ವಾಖನಿಂಗನ್‌ನ ವಿಜ್ಞಾನಿಗಳು ಮೊದಲು ವರದಿ ಮಾಡಿದರು. ಹಸುವಿನ ಹಾಲು ಕರೆಯುವ ಹಾಗೆ ಪಾಚಿಯನ್ನು ಕರೆಯುವುದು. ಅವರೂ ಅದನ್ನು ಹಾಲು ಕರೆಯುವುದು ಎಂದೇ ಹೆಸರಿಸಿದ್ದಾರೆ.

ಸಿಂಧನೂರು ಮೀನುಹೊಂಡ

ಉಪಯುಕ್ತವಾದುದರ ಬಗ್ಗೆಯೇ ಎಲ್ಲರೂ ಬರೆದಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಹೊಂಡದ ಕಟ್ಲಾ ಮೀನಿಗೆ ಕೆಸರಿನ ವಾಸನೆ ಬಂದು ವ್ಯಾಪಾರಿ ವಾಪಸು ಕಳಿಸಿದಾಗ ತಿಳಿಯಿತು, ಅದು ಕೆಸರಲ್ಲ, ನೀಲಿ-ಹಸಿರು ಪಾಚಿಗಳೂ ಕೆಲವು ಬ್ಯಾಕ್ಟೀರಿಯಾಗಳೂ ಬಿಡುವ ಜಿಯೊಸ್ಮಿನ್ ಎಂದು. ಲೀಟರಿಗೆ ಹತ್ತು ನ್ಯಾನೊಗ್ರಾಂ ಆಸುಪಾಸಿನಲ್ಲಿಯೇ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ವಾಸನೆಯಾದರೂ ಎಚ್ಚರಿಸುತ್ತದೆ, ಮೈಕ್ರೊಸಿಸ್ಟಿಸ್ ಎಂಬ ಪಾಚಿಯ ಮೈಕ್ರೊಸಿಸ್ಟಿನ್ ಯಕೃತ್ತಿಗೆ ವಿಷ, ಅದಕ್ಕೆ ವಾಸನೆ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೊಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ತೆರೆದ ತೊಟ್ಟಿಯಲ್ಲಿ ಬೇರೆ ಪಾಚಿ ಸೇರದಂತೆ ಕಾಯುವುದು ಪಾಚಿ ತಿನ್ನುವವರಿಗೆ ಎಷ್ಟು ಮುಖ್ಯವೋ, ಅದರ ನೀರನ್ನು ಬಳಸುವವರಿಗೂ ಅಷ್ಟೇ ಮುಖ್ಯ.

ಮಾನ್ವಿ ತೊಟ್ಟಿ ಸಂಘ

ಎಲ್ಲರಿಗೂ ನಮಸ್ಕಾರ. ಗದ್ದೆಗೆ ಬಿಡುವ ಯೋಚನೆಯನ್ನು ಕೈಬಿಟ್ಟೆವು. ಪಕ್ಕದವರಿಗೆ ಸೋಡಿಯಂ ಲೆಕ್ಕ ತೋರಿಸಿದಾಗ ಅವರೇ ಬೇಡವೆಂದರು.

ಆದರೂ ಆಸೆ ಬಿಡಲಿಲ್ಲ. ಔಷಧಿ ಅಂಗಡಿಯಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಒಂದು ಲೋಟ ಸೋಸಿದ ನೀರಿಗೆ ಎರಡು ಲೋಟದಂತೆ ಬೆರೆಸಿ ರಾತ್ರಿ ಇಟ್ಟೆವು. ಬೆಳಿಗ್ಗೆ ಅಡಿಯಲ್ಲಿ ಬಿಳಿಯ ಎಳೆಗಳೂ ಪುಡಿಯೂ ಕೂತಿದ್ದವು! ಒಣಗಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆವು. ಲೀಟರಿನ ಲೆಕ್ಕಕ್ಕೆ ಹಾಕಿದರೆ 3 ಗ್ರಾಮಿಗೆ ಹತ್ತಿರವಾಗುತ್ತದೆ. ಇಂಜಿನಿಯರ್ ಅವರು ಹೇಳಿದ 0.1 ಗ್ರಾಮಿಗಿಂತ ಮೂವತ್ತು ಪಟ್ಟು ಹೆಚ್ಚು. ಇದು ಹೇಗೆ?

ಶಕ್ತಿನಗರದ ಇಂಜಿನಿಯರ್

ತೂಗಿದ್ದು ಲೋಳೆಯನ್ನು ಮಾತ್ರವಲ್ಲ. ಆಲ್ಕೊಹಾಲ್ ಹೆಚ್ಚಿದ ನೀರಿನಲ್ಲಿ ಸೋಡಿಯಂ ಕಾರ್ಬನೇಟ್ ಕೂಡ ಸರಿಯಾಗಿ ಕರಗುವುದಿಲ್ಲ, ಅದೂ ಅಡಿಗೆ ಬೀಳುತ್ತದೆ. ನಿಮ್ಮದು ಕೊಳವೆಬಾವಿಯ ಗಡಸು ನೀರಾದರೆ ಸುಣ್ಣವೂ ಇರುತ್ತದೆ. ಪ್ರಯೋಗಾಲಯದಲ್ಲಿ ಲವಣ ಹೋಗುವವರೆಗೆ ಪೊರೆಯ ಚೀಲದಲ್ಲಿಟ್ಟು ತೊಳೆದು ಆಮೇಲೆ ತೂಗುತ್ತಾರೆ. ಮನೆಯಲ್ಲಿಯೇ ನೋಡಬೇಕೆಂದರೆ ಆ ಪುಡಿಯ ಮೇಲೆ ನಾಲ್ಕು ಹನಿ ವಿನಿಗರ್ ಹಾಕಿ. ಬುರುಬುರು ನೊರೆ ಬಂದರೆ ಕಾರ್ಬನೇಟ್, ಸುಮ್ಮನೆ ಉಬ್ಬಿ ಮೆತ್ತಗಾದರೆ ಲೋಳೆ.

ಖಾಲಿ ಮಾಡುವ ನೀರನ್ನು ಟಾರ್ಪಾಲಿನ್ ಹಾಸಿದ ಆಳವಿಲ್ಲದ ಗುಂಡಿಗೆ ಬಿಟ್ಟು ಒಣಗಿಸಿ. ನಮ್ಮ ಕಡೆಯ ಬಿಸಿಲಿಗೆ ಅದು ಬಹಳ ದಿನ ಹಿಡಿಯುವುದಿಲ್ಲ. ಉಳಿದ ಉಪ್ಪನ್ನು ಮಣ್ಣಿಗೆ ಮುಟ್ಟಿಸದೆ ಎತ್ತಿಬಿಡಿ.

ಮಾನ್ವಿ ತೊಟ್ಟಿ ಸಂಘ

ವಿನಿಗರ್ ಹಾಕಿದೆವು. ಸೋಡಾ ಬಾಟಲಿ ತೆರೆದಂತೆ ನೊರೆ ಉಕ್ಕಿತು. ನೊರೆ ನಿಂತ ಮೇಲೆ ತಟ್ಟೆಯಲ್ಲಿ ಉಗುರಿನಷ್ಟು ಅಗಲದ ಪಾರದರ್ಶಕ ಪೊರೆಯೊಂದು ಉಳಿಯಿತು, ಎಳೆದರೆ ಹಿಗ್ಗುತ್ತದೆ. ಅಕ್ಕಸಾಲಿಗರ ತಕ್ಕಡಿ ಅದಕ್ಕೆ ಸೊನ್ನೆ ತೋರಿಸಿತು. ಗುಂಡಿ ತೋಡಿದ್ದೇವೆ, ಟಾರ್ಪಾಲಿನ್ ನಾಳೆ ಬರುತ್ತದೆ. ಕೊಯ್ಲಿನ ನಂತರ ಯೂರಿಯಾ ಮರುಪೂರಣ ಮಾಡುವುದನ್ನು ಮೂರನೆಯ ತೊಟ್ಟಿಯಲ್ಲಿ ಮೂರು ವಾರಗಳಿಂದ ಮರೆತಿದ್ದೆವು ಎಂಬುದು ವಹಿಯಲ್ಲಿ ಕಂಡುಬಂತು. ಬಟ್ಟೆಗೆ ಅತಿ ಹೆಚ್ಚು ಅಂಟುವುದೂ ಅದೇ ತೊಟ್ಟಿಯ ನೀರು.